ಎಳೆ ಬಾರದ ಪಾಕ

ಆರೋಗ್ಯ ಕೇಂದ್ರದ ನರ್ಸಮ್ಮ ಕಾಗದ ನೋಡಿ "52" ಅಂದಾಗ ನನಗೆ ಖುಷಿಯೇ ಆಯಿತು. ಪಿಯುಸಿಯಲ್ಲಿ ಗಣಿತಕ್ಕೆ ಅಷ್ಟೂ ಬಂದಿರಲಿಲ್ಲ. ಆಮೇಲೆ ಗೊತ್ತಾಯಿತು, ಈ ಪರೀಕ್ಷೆಯಲ್ಲಿ 48 ಮುಟ್ಟಿದರೇ ಫೇಲು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸ್ವೀಡನ್ನಿನವರು ಬೇರೆ ಅಳತೆಯಲ್ಲಿ ಹೇಳುತ್ತಾರೆ. ನಮ್ಮೂರ ಲೆಕ್ಕಕ್ಕೆ ತಂದರೆ 6.9. ಸಕ್ಕರೆಗೆ ಇವರು 'ಸೊಕ್ಕರ್' ಅನ್ನುತ್ತಾರೆ. ಸೊಕ್ಕು ನನ್ನದೇ, ಯಾರನ್ನು ದೂರಲಿ?

ಹುಟ್ಟೂರು ಮಂಡ್ಯ. 1933ರಲ್ಲಿ ಹುಟ್ಟಿದ ಸಕ್ಕರೆ ಕಂಪನಿಯನ್ನು ಅಲ್ಲಿ ಎಲ್ಲರೂ ಮೈಷುಗರ್ ಅನ್ನುವುದು. ಮೈಸೂರು ಷುಗರ್ ಎಂಬುದರ ಮೊಟಕು ಅಂತ ಇಷ್ಟು ವರ್ಷ ನಂಬಿದ್ದೆ. ಮೈಯೊಳಗಿನ ಷುಗರ್ ಅಂತ ಈಗ ಅರ್ಥವಾಯಿತು. ಅದೂ ಎಂಥ ಭಾಷೆ ನಮ್ಮದು! ಷುಗರ್ ಇದ್ದವನು ಷುಗರ್ ಇಲ್ಲದ್ದನ್ನು ತಿನ್ನಬೇಕು.

ಈಗಿರುವುದು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಲ್ಲಿ. ಹೆಂಡತಿ ಉಕ್ಕಿನ ಎಂಜಿನಿಯರು, ನಾನು ಅವಳ ಸೂಟ್‌ಕೇಸಿನ ಜೊತೆ ಬಂದವನು. ಊರಿಗೆ ಊರೇ ಉಕ್ಕಿನದು. ಯೊರಾನ್ ಫ್ರೆಡ್ರಿಕ್ ಯೊರಾನ್ಸನ್ ಎಂಬ ವ್ಯಾಪಾರಿ ತಿಂಗಳುಗಟ್ಟಲೆ ಸೋತು ಸೋತು, ಕೊನೆಗೆ 1858ರಲ್ಲಿ ಇಲ್ಲೇ ಹತ್ತಿರದ ಎಡ್‌ಸ್ಕೆನ್‌ನಲ್ಲಿ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಒಳ್ಳೆಯ ಉಕ್ಕು ತೆಗೆದ. 1862ರಲ್ಲಿ ಇಲ್ಲಿ ಕಾರ್ಖಾನೆ ಕಟ್ಟಿದ. ಅಡುಗೆಮನೆಯಲ್ಲಿ ನನ್ನ ಬೆನ್ನು ತಟ್ಟುವವನು ಅವನೊಬ್ಬನೇ.

ಇಲ್ಲಿಯ ಕಾಫಿ ಹೊತ್ತಿಗೆ 'ಶೂಕ್ಲಾಡ್‌ಬೊಲ್' ಅಂತ ಒಂದು ತಿಂಡಿ ಇದೆ. ಓಟ್ಸು, ಬೆಣ್ಣೆ, ಕೋಕೋ ಪುಡಿ, ಸಕ್ಕರೆ, ಒಂದೆರಡು ಚಮಚ ಗಟ್ಟಿ ಕಾಫಿ ಕಲಸಿ, ಉಂಡೆ ಕಟ್ಟಿ, ಕಾಳುಸಕ್ಕರೆಯಲ್ಲೋ ಕೊಬ್ಬರಿ ತುರಿಯಲ್ಲೋ ಹೊರಳಿಸಿದರೆ ಮುಗಿಯಿತು. ಮೊದಲ ಸಲ ನೋಡಿದಾಗ, ತಂಬಿಟ್ಟಿನ ಉಂಡೆ ಬಣ್ಣ ಬದಲಿಸಿಕೊಂಡು ವಿದೇಶಕ್ಕೆ ಬಂದಿದೆ ಅನ್ನಿಸಿತು. ಐದು ವರ್ಷದ ಮಕ್ಕಳೂ ಮಾಡುತ್ತಾರೆ, ಒಲೆಯ ಹಂಗೇ ಇಲ್ಲ. ನಾನು ಕೆಟ್ಟಿದ್ದು ಅಲ್ಲೇ. ಪಾಕವಿಲ್ಲದೆ ಉಂಡೆಯೇ? ಮಂಡ್ಯದ ಮಾನ ಏನಾಗಬೇಕು?

ಸಕ್ಕರೆಯ ಬದಲು ತಂದದ್ದು ಎರಿಥ್ರಿಟಾಲ್. ನೋಡಲು ಥೇಟ್ ಸಕ್ಕರೆ, ಸಿಹಿ ಮಾತ್ರ ಸುಮಾರು ಮುಕ್ಕಾಲು ಪಾಲು, ರಕ್ತದ ಸಕ್ಕರೆ ಏರಿಸುವುದಿಲ್ಲ. ಸಿಹಿ ಕಮ್ಮಿಯಲ್ಲವೇ ಅಂತ ಒಂದೂವರೆ ಪಟ್ಟು ಸುರಿದೆ. ನೀರು ಹಾಕಿ ಒಲೆಗಿಟ್ಟೆ. ಕರಗಿತು, ಕುದಿಯಿತು. ಅಮ್ಮ ಮಾಡುತ್ತಿದ್ದ ಹಾಗೆ ಸೌಟಿನಿಂದ ಒಂದು ತೊಟ್ಟು ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಡಿಸಿದೆ. ಎಳೆ ಬರಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಹಿಡಿದೆ. ಇಲ್ಲ. ಕನ್ನಡಕ ಹಾಕಿಕೊಂಡು ಹಿಡಿದೆ. ಕಿಟಕಿಯ ಬೆಳಕಿಗೆ ಹೋಗಿ ಹಿಡಿದೆ. ಹೊರಗೆ ನಾಯಿ ನಡೆಸುತ್ತಿದ್ದ ಹೆಂಗಸು, ನಾನು ಬೆರಳಿನಲ್ಲಿ ಅವಳಿಗೇನೋ ಸನ್ನೆ ಮಾಡುತ್ತಿದ್ದೇನೆಂದು ಭಾವಿಸಿ ತಾನೂ ಎರಡು ಬೆರಳೆತ್ತಿ ತೋರಿಸಿ ಹೋದಳು. ಎಡಗೈಯ ಬೆರಳು ಸುಟ್ಟುಕೊಂಡು ಬಲಗೈಗೆ ಬದಲಾಯಿಸಿದೆ. ಒಂದೆಳೆ ಪಾಕ, ಎರಡೆಳೆ ಪಾಕ ಕೇಳಿದ್ದೆ. ಈ ನಿರೆಳೆ ಪಾಕ ಯಾವ ಅಜ್ಜಿಯೂ ಹೇಳಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ತಾಳ್ಮೆ ತಪ್ಪಿ, ಇದ್ದ ಹಾಗೇ ಓಟ್ಸಿಗೆ ಸುರಿದು ಹನ್ನೆರಡು ಉಂಡೆ ಕಟ್ಟಿದೆ.

"ರೀ, ಅದು ಎಳೆಗಟ್ಟೋ ಜಾತಿಯಲ್ಲ, ಹರಳುಗಟ್ಟೋ ಜಾತಿ. ಆರಿದರೆ ಕಲ್ಲಾಗುತ್ತೆ" ಅಂದಳು ಹೆಂಡತಿ. ಇದನ್ನು ಮೊದಲೇ ಹೇಳಬಾರದಿತ್ತೇ? "ಕೇಳಿದ್ದರೆ ಹೇಳ್ತಿದ್ದೆ. ಅಂದ ಹಾಗೆ, ಓಟ್ಸೂ ಷುಗರ್ ಏರಿಸುತ್ತೆ."

ಇಷ್ಟು ಪಾಡೇಕೆ ಅಂತ ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ. "ಬೆಲ್ಲ ಹಾಕ್ಕೊ ಕಣ್ಲಾ, ಅದ್ಕೇನೂ ಆಗಕಿಲ್ಲ." ಹದಿನಾರು ಜನ ಹೆಬ್ಬೆರಳೆತ್ತಿದರು. ಒಬ್ಬರು ಜೇನುತುಪ್ಪ ಅಂದರು, ಇನ್ನೊಬ್ಬರು ಖರ್ಜೂರ, ಎಲ್ಲ 'ನ್ಯಾಚುರಲ್' ಅಂತೆ. ಕಬ್ಬಿನ ಅದೇ ಹಾಲು ಗಾಣದಿಂದ ಕೊಪ್ಪರಿಗೆಗೆ ಹೋದರೆ ಬೆಲ್ಲ, ಕಾರ್ಖಾನೆಗೆ ಹೋದರೆ ಸಕ್ಕರೆ. ಒಳಗೆ ಹೋದ ಮೇಲೆ ಮೈ ಬಣ್ಣ ಕೇಳುವುದಿಲ್ಲ. ಅಪ್ಪನೂ ಬೆಲ್ಲದಿಂದ ಏನೂ ಆಗದೆಂಬ ಮಾತನ್ನೇ ನಂಬಿ, ಆಲೆಮನೆಯಿಂದ ಬಿಸಿ ಬೆಲ್ಲದ ಗಟ್ಟಿ ತಂದು ಟವೆಲಿನ ಗಂಟಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಎಡಗಾಲಿನ ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ಮೈಸೂರಿನಲ್ಲಿ ತೆಗೆಸಿದ ಮೇಲೆ ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುತ್ತಿರಲಿಲ್ಲ. ಬಾಳೆಪಟ್ಟೆಯ ಹುರಿಯಿಂದ ಹಿಮ್ಮಡಿಗೆ ಕಟ್ಟಿಕೊಂಡು ಗದ್ದೆಗೆ ಹೋಗುತ್ತಿದ್ದ. ಗ್ರೂಪಿಗೆ ನಾನು ಕೈಮುಗಿದ ಚಿತ್ರ ಹಾಕಿ ಸುಮ್ಮನಾದೆ.

ಶನಿವಾರ ಪಕ್ಕದ ಮನೆಯ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಕಾಫಿಗೆ ಬಂದ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಹುಡುಗಿ ಉಂಡೆಯನ್ನು ನೆಕ್ಕಿ, "ಬಾಯೊಳಗೆ ಹಿಮ ಬಿತ್ತು" ಅಂದಳು. ನಿಜವೇ, ಎರಿಥ್ರಿಟಾಲ್ ಕರಗುವಾಗ ನಾಲಿಗೆಯ ಕಾವನ್ನೇ ಹೀರುತ್ತದೆ. ಅಜ್ಜ ಕಚ್ಚಿದ. ಟಕ್ ಅಂತ ಸದ್ದಾಯಿತು. ಯಾವುದು ಮುರಿಯಿತೋ ಅಂತ ಮೂವರೂ ಉಸಿರು ಬಿಗಿಹಿಡಿದೆವು.

ಬ್ರಿನೆಲ್ ಎಂಬ ಸ್ವೀಡನ್ನಿನವನು 1900ರಲ್ಲಿ ಲೋಕಕ್ಕೆ ತೋರಿಸಿದ ಗಡಸು ಪರೀಕ್ಷೆ ಇದೆಯಂತೆ. ಹತ್ತು ಮಿಲಿಮೀಟರಿನ ಉಕ್ಕಿನ ಗುಂಡನ್ನು ಮೂರು ಸಾವಿರ ಕಿಲೋ ಭಾರದಲ್ಲಿ ಲೋಹಕ್ಕೆ ಒತ್ತಿ, ಬಿದ್ದ ಕುಳಿಯ ಅಗಲ ಅಳೆಯುವುದು. ಇಲ್ಲಿ ಗುಂಡಿಗೆ ಏನೂ ಆಗಿರಲಿಲ್ಲ. ಅಜ್ಜ ಮೊದಲು ನಾಲಿಗೆಯಿಂದ ಹಲ್ಲು ಎಣಿಸಿಕೊಂಡ. ಉಂಡೆಯನ್ನು ಸಾಸರಿಗೆ ಬಡಿದು, ಕಿವಿಗೊಟ್ಟು ಕೇಳಿ, ಬಲು ಗೌರವದಿಂದ ನನ್ನ ಹೆಂಡತಿಯತ್ತ ತಿರುಗಿ ವಿಚಾರಿಸಿದ:

"ಇದು ಯಾವ ಗ್ರೇಡು?"

ಹಳೆಯ ಸಹೋದ್ಯೋಗಿಗಳಿಗೆ ತೋರಿಸಬೇಕಂತೆ. ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡ. ಇವಳು ಉಳಿದ ಹನ್ನೊಂದಕ್ಕೂ ಡಬ್ಬಿ ಹುಡುಕತೊಡಗಿದಳು.