ಗಾಳಿ ತೆಗೆದವನೇ ಜಾಣ

ನಾಲ್ಕೂ ಚಕ್ರಕ್ಕೆ ಬಲವಿರುವ ಜೀಪಿದ್ದರೆ ಎಲ್ಲಿ ಬೇಕಾದರೂ ನುಗ್ಗಬಹುದೆಂದು ಮೀಸೆ ತಿರುವುವವರನ್ನು ಒಮ್ಮೆ ಐಸ್‌ಲ್ಯಾಂಡಿನ ಹಿಮಕ್ಕೆ ಇಳಿಸಬೇಕು. ಅಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ನಾಲ್ಕು ಚಕ್ರಗಳೂ ಒಗ್ಗಟ್ಟಿನಿಂದ ನಾಲ್ಕು ಗುಂಡಿ ತೋಡುತ್ತವೆ. ಸಾದಾ ಕಾರು ಊರ ಹತ್ತಿರವೇ ಹೂತುಕೊಳ್ಳುತ್ತದೆ. ಜೀಪು ನರಪಿಳ್ಳೆಯೂ ಇಲ್ಲದ ಕಡೆ ಕರೆದೊಯ್ದು ಹೂತುಕೊಳ್ಳುತ್ತದೆ.

ಅಲ್ಲಿನವರ ಉಪಾಯವೇ ತಲೆಕೆಳಗು. 38ರಿಂದ 44 ಇಂಚಿನ ಟೈರು ತಂದು, ಅದು ಕೂರಲೆಂದು ಗಾಡಿಯ ಮೈಯನ್ನೇ ಕತ್ತರಿಸಿ, ಕೊನೆಗೆ ಆ ಟೈರಿನ ಗಾಳಿ ತೆಗೆದುಬಿಡುತ್ತಾರೆ! ಆಳದ ಹಿಮದಲ್ಲಿ ಒತ್ತಡ ಸುಮಾರು 3 ಪಿಎಸ್‌ಐಗೂ ಇಳಿಯುವುದುಂಟು. ಟೈರು ಚಪ್ಪಟೆಯಾಗಿ ಉದ್ದಕ್ಕೆ ಹರಡಿ ಭಾರ ಹಂಚಿಕೊಂಡಾಗ, ಟನ್‌ಗಟ್ಟಲೆ ತೂಕದ ಗಾಡಿ ಹಿಮದ ಮೇಲೆ ತೇಲುತ್ತದೆ. ನಮ್ಮ ಬೀದಿಯಲ್ಲಾದರೆ ಹತ್ತು ಜನ ಅಡ್ಡಹಾಕಿ, “ಸಾರ್, ಪಂಕ್ಚರ್!” ಎನ್ನುತ್ತಿದ್ದರು.

ಗಾಳಿ ಇಷ್ಟು ಕಡಿಮೆಯಾದಾಗ ಟೈರು ರಿಮ್ಮಿನಿಂದ ಕಳಚುವುದೂ ಇದೆ. ಆಗ ಒಳಗೆ ಒಂದಿಷ್ಟು ಉರಿಯುವ ದ್ರವ ಚಿಮುಕಿಸಿ ಬೆಂಕಿ ಮುಟ್ಟಿಸುತ್ತಾರೆ. ಢಮ್! ಟೈರು ಸ್ವಸ್ಥಾನಕ್ಕೆ. (ಹುಬ್ಬು ಸ್ವಸ್ಥಾನದಲ್ಲಿದೆಯೇ ಎಂಬುದು ಆಮೇಲಿನ ಲೆಕ್ಕ. ದಯವಿಟ್ಟು ಮನೆಯಲ್ಲಿ ಪ್ರಯೋಗ ಬೇಡ.)

ಕಾನೂನಂತೂ ಇನ್ನೂ ಸೊಗಸು. ಆ ದೇಶದಲ್ಲಿ ರಸ್ತೆ ಬಿಟ್ಟು ಗಾಡಿ ಓಡಿಸುವುದು ಅಪರಾಧ. ಪಾಚಿಯ ಮೇಲೆ ಬಿದ್ದ ಚಕ್ರದ ಗೀರು ಮಾಯಲು ದಶಕಗಳೇ ಬೇಕು. ಆದರೆ ನೆಲ ಹೆಪ್ಪುಗಟ್ಟಿ ಹಿಮ ಮುಚ್ಚಿದ್ದರೆ ವಿನಾಯಿತಿ. ಅಂದರೆ, ರಸ್ತೆ ಕಾಣುವಾಗ ರಸ್ತೆಯಲ್ಲೇ ಹೋಗಬೇಕು, ಕಾಣದಿದ್ದಾಗ ಎತ್ತ ಬೇಕಾದರೂ! ವತ್ನಾಯೋಕುಲ್ ಹಿಮನದಿಯ ಮೇಲೆ ಹಂಪಿಲ್ಲ, ಸಿಗ್ನಲ್ಲಿಲ್ಲ. ಗಾಡಿ ನುಂಗುವ ಬಿರುಕುಗಳು ಮಾತ್ರ ಇವೆ. ಹಾಗಾಗಿ ಬುದ್ಧಿ ಇದ್ದವರು ಒಂಟಿಯಾಗಿ ಹೋಗುವುದಿಲ್ಲ, ಎಳೆಯಲು ಇನ್ನೊಂದು ಗಾಡಿ ಜೊತೆಗಿರುತ್ತದೆ. ಅದೂ ಹೂತರೆ, ಸಲಿಕೆ ಹಿಂದಿನ ಸೀಟಿನಲ್ಲಿದೆ.