ಪಕ್ಕದಲ್ಲೇ ಗಾಂಧಿ, ಕೈಯಲ್ಲಿ ಕೊಡಲಿ

ಪಕ್ಕದ ಮನೆಯವರು ಸಾಧುಗಳಾಗಿದ್ದರೆ ಎರಡು ಲಾಭ. ಹೊತ್ತಲ್ಲದ ಹೊತ್ತಿನಲ್ಲೂ ಒಂದು ಲೋಟ ಸಕ್ಕರೆ ಕಡ ಸಿಗುತ್ತದೆ. ಅವರ ಊರು ಹೊಡೆದುಕೊಳ್ಳುವುದೂ ಸಲೀಸು. ಎರಡನೆಯದು ಕಂಪ್ಯೂಟರ್ ಆಟಕ್ಕೆ ಮಾತ್ರ ಅನ್ವಯ ಎಂದು ಮೊದಲೇ ಹೇಳಿಬಿಡುತ್ತೇನೆ. ಬೇಲಿಯ ಆಚೆ ನಿಂತಿದ್ದ ಮೇಷ್ಟ್ರಿಗೆ ಹಾಗೆ ಬಿಡಿಸಿ ಹೇಳದೆ ಮಾತು ತೆಗೆದಾಗ ಅವರ ಕೈ ತಾನಾಗಿ ಗೇಟಿನ ಚಿಲಕದ ಕಡೆ ಹೋಗಿತ್ತು.

ಮೇಷ್ಟ್ರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ರಾತ್ರಿಯೆಲ್ಲ ನನ್ನ ರೂಮಿನಲ್ಲಿ ಲೈಟು ಯಾಕೆ ಉರಿಯುತ್ತದೆ ಎಂಬುದು ಅವರ ಬಹುದಿನದ ಅನುಮಾನ. “ಸಿವಿಲೈಸೇಷನ್ ಅಂತ ಒಂದು ಆಟ ಮೇಷ್ಟ್ರೇ. ಸಿಡ್ ಮೇಯರ್ ಅನ್ನೋರು 1991ರಲ್ಲಿ ಶುರು ಮಾಡಿದ್ದು. ನಾನಾಡೋದು 2005ರಲ್ಲಿ ಬಂದ ನಾಲ್ಕನೇದು. ಕ್ರಿ.ಪೂ. 4000ದಲ್ಲಿ ಒಂದು ಊರು ಕೊಡ್ತಾರೆ. ನನ್ನ ಸರದಿ ಮುಗಿಸಿ ಗುಂಡಿ ಒತ್ತಿದರೆ ಕಂಪ್ಯೂಟರಿನ ಸರದಿ. ಹೀಗೆ ರಾಜ್ಯ ಬೆಳೆಸ್ತಾ ಹೋಗೋದು” ಎಂದೆ.

“ಒಳ್ಳೇದೇ ಅಲ್ವೇನಯ್ಯ? ಕೆರೆ ಕಟ್ಟಿಸು, ಗುಡಿ ಕಟ್ಟಿಸು.”

“ಕಟ್ಟೋದಲ್ಲ ಮೇಷ್ಟ್ರೇ. ಕಟ್ಟಿದವರ ಹತ್ರ ಕಿತ್ಕೊಳ್ಳೋದು.”

ಇದರಲ್ಲಿ ಶೌರ್ಯಗೀರ್ಯ ಏನೂ ಇಲ್ಲ, ಶುದ್ಧ ಲೇವಾದೇವಿ. ಹೊಸ ಊರು ಹೂಡಲು ಸೆಟ್ಲರ್ ಬೇಕು, ಅವನ ಬೆಲೆ 100 ಸುತ್ತಿಗೆ. ಆಟದಲ್ಲಿ ದುಡಿಮೆಯನ್ನು ಸುತ್ತಿಗೆಗಳಲ್ಲೇ ಎಣಿಸುವುದು. ಅವನು ತಯಾರಾಗುವವರೆಗೆ ಇದ್ದ ಊರಿನ ಜನಸಂಖ್ಯೆ ಬೆಳೆಯುವುದಿಲ್ಲ. ಕೊಡಲಿ ಹಿಡಿದ ಸೈನಿಕನೊಬ್ಬನಿಗೆ ಬರೀ 35. ಇಷ್ಟೆಲ್ಲ ಖರ್ಚು ಮಾಡಿ ಸೆಟ್ಲರನ್ನು ಕಳಿಸಿದರೆ ಸಿಗುವುದು ಬೋಳು ನೆಲ. ಕೊಡಲಿಯವರನ್ನು ಕಳಿಸಿದರೆ ಹೊಲ, ದನದ ಹಟ್ಟಿ, ದಾರಿ, ಜೊತೆಗೆ ಒಬ್ಬಿಬ್ಬರು ವರ್ಕರ್‌ಗಳು ಪುಕ್ಕಟೆ. ಸೈಟು ಕೊಂಡು ಮನೆ ಕಟ್ಟಿಸುವ ತಾಪತ್ರಯ ಯಾರಿಗೆ ಬೇಕು, ಗೃಹಪ್ರವೇಶದ ಮಾರನೇ ದಿನ ನುಗ್ಗಿದರಾಯಿತು. ಆದರೆ ತಡ ಮಾಡಬಾರದು. ಪಕ್ಕದವನು ಗೋಡೆ ಎಬ್ಬಿಸಿ ನಾಲ್ಕಾರು ಊರು ಮಾಡಿಕೊಂಡ ಮೇಲೆ ಅದೇ ಕೊಡಲಿ ಸೌದೆ ಒಡೆಯಲಿಕ್ಕೆ ಸರಿ. ಅದಕ್ಕೇ ಆಡುವವರ ಬಾಯಲ್ಲಿ ಇದು ‘ಆಕ್ಸ್ ರಶ್’.

ಮೊದಲು ಕಂಚಿನ ವಿದ್ಯೆ ಕಲಿಯಬೇಕು. ಕಲಿತ ಮೇಲೆಯೇ ಭೂಪಟದಲ್ಲಿ ತಾಮ್ರ ಕಣ್ಣಿಗೆ ಬೀಳುವುದು. ಅಲ್ಲಿಯವರೆಗೆ ಅದರ ಮೇಲೇ ಓಡಾಡುತ್ತಿದ್ದರೂ ತಿಳಿಯದು. ಗಣಿ ತೋಡಿ, ದಾರಿ ಹಾಕಿ ಊರಿಗೆ ಸೇರಿಸಬೇಕು. ಅದೇ ವಿದ್ಯೆಯ ಜೊತೆ ಗುಲಾಮಗಿರಿಯೂ ಬರುತ್ತದೆ. ಊರಿನ ಒಂದು ತಲೆ ತೆಗೆದರೆ 30 ಸುತ್ತಿಗೆ ಕೆಲಸ ಆ ಕ್ಷಣಕ್ಕೆ ಮುಗಿಯುತ್ತದೆ, ಆಮೇಲೆ 10 ಸರದಿ ಜನ ಮುನಿಸಿಕೊಂಡಿರುತ್ತಾರೆ. ಎಷ್ಟೋ ಆಟಗಾರರು ಈ ಚಾಟಿಯನ್ನು ಬೀಸುತ್ತಲೇ ಚಕ್ರವರ್ತಿಗಳಾದವರು. ಮೇಷ್ಟ್ರಿಗೆ ಇದು ಸುತರಾಂ ಹಿಡಿಸಲಿಲ್ಲ. “ಪ್ರಜೆಗಳನ್ನ ಕೊಂದು ಸೈನಿಕರನ್ನ ಮಾಡ್ತೀಯ, ಆ ಸೈನಿಕರು ಹೋಗಿ ಇನ್ಯಾರ್ದೋ ಪ್ರಜೆಗಳನ್ನ ಕೊಲ್ತಾರೆ. ನಡುವೆ ನಿಂಗೇನಯ್ಯ ಬಂತು?”

“ಊರು ಬರುತ್ತೆ.”

“ಯಾರ ಊರಪ್ಪಾ?”

ಇಲ್ಲಿ ನಾನು ಸ್ವಲ್ಪ ಕೆಮ್ಮಿದೆ. ಕಂಪ್ಯೂಟರ್ ಆಡಿಸುವ ಚರಿತ್ರೆಯ ನಾಯಕರಲ್ಲಿ ಯಾರು ಪಕ್ಕದಲ್ಲಿ ಬರುತ್ತಾರೆಂಬುದು ಆಟ ಎಸೆದ ಚೀಟಿ. ಮೊಂಟೆಜುಮ ಬಂದರೆ ಚಿಂತೆಯಿಲ್ಲ, ನಾವು ಹೋಗುವ ಮೊದಲು ಅವನೇ ಬಂದಿರುತ್ತಾನೆ. ಈ ಸಲ ಬಂದವರು ಗಾಂಧೀಜಿ. ರಾಜಧಾನಿ ದಿಲ್ಲಿ.

“ಗಾಂಧಿ ಮೇಲೆ ದಂಡೆತ್ತಿ ಹೋದ್ಯಾ?” ಮೇಷ್ಟ್ರು ಕೈಯಲ್ಲಿದ್ದ ದಾಸವಾಳವನ್ನು ಬುಟ್ಟಿಗೆ ಹಾಕುವುದನ್ನೇ ಮರೆತರು. ಮೊದಲ ಆಟದಲ್ಲಿ ಲೆಕ್ಕ ತಪ್ಪಿ ಗಾಂಧೀಜಿ ಅಣುಬಾಂಬ್ ಹಾಕುತ್ತಿದ್ದರು ಎಂಬ ಕಥೆ ಲೋಕಪ್ರಸಿದ್ಧ. ಅಂಥ ದೋಷ ಇರಲೇ ಇಲ್ಲ ಎಂದು ಮೇಯರ್ 2020ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದ್ದರಿಂದ ಆತ್ಮರಕ್ಷಣೆಗೆ ಹೋದೆ ಎನ್ನುವ ದಾರಿಯೂ ನನಗಿರಲಿಲ್ಲ. ಸುಮ್ಮನೆ, ಅವರು ಹತ್ತಿರವಿದ್ದರು. ಈ ಆಟದ ಭಾರತಕ್ಕೆ ಶುರುವಿನಲ್ಲೇ ಅಧ್ಯಾತ್ಮದ ಒಲವು ಕೊಟ್ಟಿರುತ್ತಾರೆ, ಬೇಗ ಒಂದು ಧರ್ಮ ಸ್ಥಾಪನೆಯಾಗುತ್ತದೆ. ಆ ಪುಣ್ಯಕ್ಷೇತ್ರವೇ ಕೈಗೆ ಬಂದರೆ ಮುಂದೆ ಕಾಣಿಕೆಯ ಹುಂಡಿಯೂ ನಮ್ಮದು. ಘಜ್ನಿಯವನನ್ನು ಬೈಯುವ ಹಕ್ಕನ್ನು ನಾನು ಅಂದೇ ಕಳೆದುಕೊಂಡೆ.

ಹೊರಟದ್ದು ಎಂಟು ಕೊಡಲಿಗಳು. ಆ ಕಾಲದಲ್ಲಿ ಆಟದ ಒಂದು ಸರದಿ ಎಂದರೆ 40 ವರ್ಷ. ದಿಲ್ಲಿ ಮುಟ್ಟಲು 10 ಸರದಿ ಹಿಡಿದರೆ 400 ವರ್ಷ ನಡೆದ ಹಾಗಾಯಿತು. ಮೇಷ್ಟ್ರು ಬೆರಳು ಮಡಚಿದರು. “ವಿಜಯನಗರ ಹುಟ್ಟಿದ್ದು 1336, ತಾಳಿಕೋಟೆ 1565. ಸಾಮ್ರಾಜ್ಯ ಎದ್ದು ಬಿದ್ದು ಆಯ್ತು, ನಿನ್ನ ಸೈನ್ಯ ಇನ್ನೂ ದಾರೀಲಿ ಬುತ್ತಿ ಬಿಚ್ಚಿಲ್ಲ!”

ಹೋಗಿ ನೋಡಿದರೆ ದಿಲ್ಲಿ ಗುಡ್ಡದ ಮೇಲಿದೆ. ಕೊಡಲಿಯವನ ಬಲ 5, ಬಿಲ್ಲುಗಾರನದು 3, ಮೇಲ್ನೋಟಕ್ಕೆ ನಮ್ಮದೇ ಗೆಲುವು. ಆದರೆ ಊರೊಳಗೆ ನಿಂತ ಬಿಲ್ಲುಗಾರನಿಗೆ ಶೇಕಡ 50 ಹೆಚ್ಚು, ಬೇರೂರಿ ಕೂತಿದ್ದಕ್ಕೆ 25, ಗುಡ್ಡಕ್ಕೆ 25, ಗುಡ್ಡದ ಮೇಲೆ ಬಿಲ್ಲು ಹಿಡಿದದ್ದಕ್ಕೆ ಮತ್ತೂ 25, ಊರಿನ ಸಂಸ್ಕೃತಿಗೆ 20. ಕೂಡಿಸಿದರೆ 3 ಇದ್ದವನು 7 ದಾಟುತ್ತಾನೆ. ಧರ್ಮ ಹುಟ್ಟಿದ ಊರಿನಲ್ಲಿ ಸಂಸ್ಕೃತಿ ಬೇಗ ಬೇಗ ಬೆಳೆಯುತ್ತದೆ. ಇನ್ನೊಂದಿಷ್ಟು ಕಾದಿದ್ದರೆ ಆ 20 ಹೋಗಿ 40 ಆಗುತ್ತಿತ್ತು. ಹಾಗಾಗಿ ಮೊದಲು ಹೋದವರು ಗೆಲ್ಲಲು ಹೋದವರಲ್ಲ, ಬಿಲ್ಲುಗಾರರನ್ನು ಸವೆಸಲು ಹೋದವರು. ಒಬ್ಬೊಬ್ಬರಾಗಿ ಮಣ್ಣುಪಾಲಾದರು. ಕೊನೆಗೆ ರಕ್ತ ಸುರಿಸುತ್ತ ನಿಂತವನು ಒಬ್ಬನೇ ಬಿಲ್ಲುಗಾರ, ನನ್ನ ಗೆಲುವಿನ ಸಾಧ್ಯತೆ ಶೇಕಡ 90 ಎಂದು ಪರದೆ ತೋರಿಸುತ್ತಿದೆ. ಹೊಡೆದೆ. ನನ್ನವನೇ ಸತ್ತ.

ಆಗ ನಾನು ಕಂಪ್ಯೂಟರಿಗೆ ಅಂದ ಮಾತು ಬೇಲಿ ದಾಟಿ ಹೋಗಿದ್ದರಿಂದಲೇ ಈ ವಿಚಾರಣೆ ಶುರುವಾದದ್ದು. ನನ್ನದು ಒಂಟಿ ಸಂಕಟವೇನಲ್ಲ. 2010ರಲ್ಲಿ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಮೇಯರ್ ಇದನ್ನೇ ಹೇಳಿಕೊಂಡರು: ಬಲಾಬಲ 3ಕ್ಕೆ 1 ಇದ್ದರೆ ನಾಲ್ಕರಲ್ಲೊಮ್ಮೆ ಸೋಲಬೇಕಾದದ್ದು ಗಣಿತ. ಆಟಗಾರರು ಅದನ್ನು ಒಪ್ಪಲೇ ಇಲ್ಲ, ಮೋಸ ಎಂದರು. ಅದೇ ತಮ್ಮದು 1, ಎದುರಾಳಿಯದು 3 ಇದ್ದು ಗೆದ್ದಾಗ ಯಾರೂ ತಕರಾರು ತೆಗೆಯಲಿಲ್ಲ. ಕಡೆಗೆ ಗಣಿತವನ್ನೇ ಆಟಗಾರರ ಮನಸ್ಸಿಗೆ ತಕ್ಕಂತೆ ತಿದ್ದಬೇಕಾಯಿತಂತೆ. “ಪರೀಕ್ಷೆ ಫೇಲಾದ ಹುಡುಗರೂ ಹಂಗೇ ಕಣಯ್ಯ” ಎಂದರು ಮೇಷ್ಟ್ರು. ಅಂತೂ ಮುಂದಿನವನು ಒಳಗೆ ಹೊಕ್ಕ; ದಿಲ್ಲಿ ಬಿತ್ತು.

ತಮಾಷೆ ಶುರುವಾಗುವುದು ಇಲ್ಲಿಂದ. ಗೆದ್ದ ಊರು ಕೆಲವು ಸರದಿ ದಂಗೆಯೆದ್ದಿರುತ್ತದೆ, ಏನೂ ಹುಟ್ಟುವಳಿಯಿಲ್ಲ. ರಾಜಧಾನಿಯಿಂದ ಎಷ್ಟು ದೂರವೋ ಅಷ್ಟು ಖರ್ಚು, ಎಷ್ಟು ಊರುಗಳೋ ಅಷ್ಟಷ್ಟೂ ಖರ್ಚು. ಆದಾಯವೆಲ್ಲ ವಿದ್ಯೆಗೆ ಹೋಗುತ್ತಿದ್ದದ್ದು ಶೇಕಡ 30ಕ್ಕೆ ಇಳಿದು ಕೂತಿತು. ಖಜಾನೆ ಬರಿದಾದರೆ ಸೈನಿಕರೇ ಕೆಲಸ ಬಿಟ್ಟು ನಡೆಯುತ್ತಾರೆ. ನನಗೆ ನಾಲ್ಕನೇ ಆಟವೇ ಇಷ್ಟವಾಗುವುದು ಈ ಕಾರಣಕ್ಕೆ: ದರೋಡೆಗೆ ಅಡ್ಡ ಬರುವುದಿಲ್ಲ, ದರೋಡೆಕೋರನ ಕೈಗೇ ಮನೆಯ ಕಂದಾಯದ ಚೀಟಿ ಕೊಡುತ್ತದೆ. 2010ರ ಐದನೆಯದರಲ್ಲಿ ಬಾಗಿಲಲ್ಲೇ ತಡೆದರು. ಭೂಪಟದ ಒಂದು ಮನೆಯಲ್ಲಿ ಒಬ್ಬನೇ ಸೈನಿಕ ನಿಲ್ಲಬಹುದು, ಎಂಟು ಕೊಡಲಿಗಳ ಗುಂಪು ಅಲ್ಲಿಲ್ಲ. ಮೇಲೆ ಊರೇ ಬಾಣ ಬಿಡುತ್ತದೆ. 2016ರ ಆರನೆಯದರಲ್ಲಿ ಗೋಡೆ ಎದ್ದರೆ ಕೊಡಲಿ ತಾಗುವುದೇ ಕಷ್ಟ. ಆದರೆ ಅದರ ಅತಿ ಕಠಿಣ ಮಟ್ಟದಲ್ಲಿ ಕಂಪ್ಯೂಟರಿಗೆ ಮೊದಲ ದಿನವೇ ಮೂವರು ಸೆಟ್ಲರ್‌ಗಳು, ನನಗೆ ಒಬ್ಬ. ಅಲ್ಲಿ ಕಿತ್ತುಕೊಳ್ಳುವುದು ಕಳ್ಳತನವೇ ಅಲ್ಲ, ಪಾಲು ಕೇಳುವುದು. ಇದನ್ನು ಮೇಷ್ಟ್ರೂ ಒಪ್ಪಿದರು.

ಒಪ್ಪದೇ ಇದ್ದದ್ದು ಮುಂದಿನದನ್ನು. ದಿಲ್ಲಿಯಾದ ಮೇಲೆ ಗಾಂಧೀಜಿಯ ಇನ್ನೊಂದು ಊರಿಗೆ ಕೈ ಹಾಕಿದೆ. ಅದರ ಹೆಸರು ವಿಜಯನಗರ. ಆಟದ ಭಾರತದ ಊರುಗಳ ಪಟ್ಟಿಯಲ್ಲಿ ಅದೂ ಇದೆ. ಗೆದ್ದ ಕೂಡಲೇ ಪರದೆಯ ಮೇಲೆ ಪ್ರಶ್ನೆ ಬಂತು: ಇಟ್ಟುಕೊಳ್ಳುತ್ತೀಯೋ, ಸುಡುತ್ತೀಯೋ? ಲೆಕ್ಕದ ಪ್ರಕಾರ ಸುಡಬೇಕು. ದೂರದ ಊರು, ತಿನ್ನುವುದೇ ಹೆಚ್ಚು.

“ಸುಟ್ಯಾ?” ಮೇಷ್ಟ್ರ ದನಿ ಏರಿತು. “ರಾಮರಾಯ ಬಿದ್ದ, ತಿರುಮಲ ಪೆನುಗೊಂಡೆಗೆ ಓಡಿದ, ಹಂಪೆ ಸುಲಿಗೆಯಾಯ್ತು. ಗೆದ್ದವರೇನು ಅಲ್ಲಿ ಕೂತು ಆಳಿದರಾ? ಅವರಿಗೂ ನಿನ್ನ ಹಂಗೆ ಮೇಂಟೆನೆನ್ಸ್ ಖರ್ಚು ಗೊತ್ತಿತ್ತು ಅಂತೀಯೇನು?”

“ಸುಡಲಿಲ್ಲ ಮೇಷ್ಟ್ರೇ, ಇಟ್ಕೊಂಡೆ. ಅದಕ್ಕೇ ಈಗ ಸರದಿಗೆ ಇಷ್ಟಿಷ್ಟು ಅಂತ ಖಜಾನೆ ಸೋರ್ತಾ ಇದೆ.”

“ಏನಾದ್ರೂ ಉಪಾಯ ಇರುತ್ತಲ್ಲಯ್ಯ.”

“ಕೋರ್ಟು ಕಟ್ಟಿದರೆ ಖರ್ಚು ಅರ್ಧಕ್ಕೆ ಇಳಿಯುತ್ತೆ. ಕೋರ್ಟು ಕಟ್ಟೋಕೆ ಕಾನೂನು ಕಲೀಬೇಕು. ಕಲಿಯೋಕೆ ದುಡ್ಡಿಲ್ಲ.”

“ದುಡ್ಡು ಇನ್ನೆಲ್ಲಿಂದ ಬರುತ್ತೆ?”

“ಊರು ಗೆದ್ದಾಗ ಲೂಟಿ ಅಂತ ಒಂದಿಷ್ಟು ಸಿಗುತ್ತೆ.”

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. ಆ ಕಡೆ ಈ ಕಡೆ ನೋಡಿ, ಬೇಲಿಗೆ ಇನ್ನಷ್ಟು ಹತ್ತಿರ ಬಂದರು.

“ದಿಲ್ಲಿಯಿಂದ ಆಚೆಗೆ ಯಾರಿದಾರೆ?”

“ಸ್ಪೇನಿನ ಇಸಬೆಲ್ಲಾ.”

“ಗುಡ್ಡದ ಮೇಲಿದಾಳೋ, ಬಯಲಲ್ಲೋ?”