ಕೌದಿಗೆ ಬಾರದ ಹಕ್ಕಿಗಳು

ನಿವೃತ್ತಿಯಾದ ಗಂಡಸರಿಗೆ ಹಿಡಿಯುವ ಹುಚ್ಚುಗಳಲ್ಲಿ ನನ್ನದು ಅಗ್ಗದ್ದು. ಸೂಜಿ, ನೂಲಿನ ಉಂಡೆ, ಟ್ರಂಕಿನ ತಳದ ಹಳೆ ಬಟ್ಟೆ, ಇಷ್ಟೇ ಬಂಡವಾಳ. ಮೊಮ್ಮಗಳಿಗೆ ಕೌದಿ ಹೊಲಿಯುತ್ತೇನೆಂದು ಸಾರಿದೆ. ನಮ್ಮ ಧಾರವಾಡದ ಕಡೆ ಕೌದಿಗೇನು ಬರವಿಲ್ಲ. ಆದರೆ ನನ್ನದರಲ್ಲಿ ಚೌಕಕ್ಕೊಂದು ನಮ್ಮ ನಾಡಿನ ಹಕ್ಕಿ, ಒಟ್ಟು 20. "ಇಷ್ಟು ಹಕ್ಕಿ ಹೊತಗೊಂಡ್ರ ಕೂಸಿಗೆ ನಿದ್ದಿ ಬರತೈತೇನೋ?" ಎಂದಳು ಅವ್ವ.

ಮೊದಲ ಮರ್ಯಾದೆ ರಾಜ್ಯಪಕ್ಷಿಗೆ. ನೀಲಕಂಠನ ಮೋಸ ನನಗೆ ತಿಳಿದದ್ದು ಆಗಲೇ. ಹೆಸರಿಗಷ್ಟೇ ನೀಲಕಂಠ, ಕಂಠ ನೋಡಿದರೆ ಕಂದು! ತಂತಿಯ ಮೇಲೆ ಕೂತಾಗ ಮಂಕು ಗುಮಾಸ್ತನಂತಿರುವ ಈ ಹಕ್ಕಿ ರೆಕ್ಕೆ ಬಿಚ್ಚಿದರೆ ಮಾತ್ರ ಕಡುನೀಲಿ, ತಿಳಿನೀಲಿಯ ಪಟ್ಟೆಗಳಲ್ಲಿ ಮೆರೆಯುತ್ತದೆ. ಸರಿ, ಹಾರಿಸಿಯೇ ಬಿಡೋಣವೆಂದು ಮಗನ ಹಳೆ ಯೂನಿಫಾರ್ಮು, ನನ್ನ ಆಫೀಸಿನ ಅಂಗಿ ಎರಡನ್ನೂ ಕತ್ತರಿಸಿ ಮೂರು ದಿನ ಹೊಲಿದೆ. ಅವ್ವ ಕನ್ನಡಕ ಏರಿಸಿ ನೋಡಿದಳು. "ಕೋಳಿ ಛಲೋ ಬಂದೈತಿ."

ಮಿಂಚುಳ್ಳಿಗೆ ಕಂದು ತಲೆ, ಬಿಳಿ ಎದೆ, ನೀಲಿ ಬೆನ್ನು ಎಲ್ಲ ಸಿಕ್ಕವು. ಕೊಕ್ಕಿಗೆ ಕೆಂಪು ಬೇಕಿತ್ತು, ಹೆಬ್ಬೆರಳಿನಷ್ಟು. ಟ್ರಂಕಿನಲ್ಲಿ ಥಳಥಳಿಸುವ ಕೆಂಪು ರೇಷ್ಮೆ ಕಂಡಿತು, ಕತ್ತರಿ ಆಡಿಸಿದೆ. ಅದು ಹೆಂಡತಿಯ ಇಳಕಲ್ ಸೀರೆಯ ಟೋಪ್ ತೆನಿ ಸೆರಗು. ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ನೇಕಾರರ ಜಾಣತನದ ಬಗ್ಗೆ ನಾನೊಮ್ಮೆ ಲೇಖನ ಬರೆದವನು. "ಮದಿವಿಗೆ ನಿಮ್ಮ ಲೇಖನ ಉಟಗೊಂಡ ಹೋಗ್ಲೇನ್ರಿ?" ಎಂದಳು. ಎರಡು ದಿನ ರೊಟ್ಟಿ ತಾಟಿಗೆ ಮಾತಿಲ್ಲದೆ ಬಂದು ಬಿತ್ತು.

ಗಿಳಿ ಗುಳೇದಗುಡ್ಡ ಖಣದಲ್ಲಿ ಆಯಿತು, ಗೊರವಂಕ ನನ್ನ ಖಾಕಿ ಚಡ್ಡಿಯಲ್ಲಿ. ಎಲ್ಲರೂ ಒಂದೇ ಏಟಿಗೆ ಗುರುತಿಸಿದ್ದು ಕಾಗೆಯನ್ನು ಮಾತ್ರ. ಹರಿದ ಛತ್ರಿಯ ಬಟ್ಟೆ, ಕುತ್ತಿಗೆಗೆ ಬೂದು ಕಾಲುಚೀಲ. ಆದರೆ ಕೂಸಿನ ಕೌದಿಯಲ್ಲಿ ಕಾಗೆ ಕೂಡದೆಂದು ಮನೆಯವರೆಲ್ಲ ಒಕ್ಕೊರಲಿನಿಂದ ಹೇಳಿದರು. ನಾನು ಬಿಚ್ಚಲಿಲ್ಲ. ಬಂದದ್ದು ಅದೊಂದೇ.

ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ ಒಳಗೊಳಗೆ ಹೊಲಿಯುತ್ತ ಬಂದು, ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಚಿ 'ಫೂಲ' ಕೂಡಿಸುತ್ತಾರೆ. ನಾನು ಗ್ರಾಫ್ ಹಾಳೆ ಇಟ್ಟುಕೊಂಡೂ ನನ್ನ ಲುಂಗಿಯನ್ನೇ ಎರಡು ಸಲ ಕೌದಿಗೆ ಹೊಲಿದುಕೊಂಡೆ.

ಅವ್ವನಿಗೆ ಹಕ್ಕಿಗಳ ಹೆಸರು ಕಲಿಸಲು ಕೂತೆ. ಅವಳು ಬೆರಳಿಟ್ಟು ತಾನೇ ಹೇಳುತ್ತಾ ಹೋದಳು: "ಇದು ನಿಮ್ಮಪ್ಪನ ಧೋತರ. ಇದು ನಿಮ್ಮಕ್ಕನ ಸೀಮಂತದ ಕುಬಸ. ಇದು ನಿನ್ನ ಚಡ್ಡಿ, ಏಳನೇತ್ತೆ ಫೇಲಾದ ವರ್ಷದ್ದು." ಐವತ್ತು ವರ್ಷ ಮುಚ್ಚಿಟ್ಟ ಸಂಗತಿ, ಮೊಮ್ಮಗಳ ಮುಂದೆಯೇ! ಅಂದಿನಿಂದ ಅವಳಿಗೆ ಗೊರವಂಕ ಎಂದರೆ 'ಅಜ್ಜನ ಫೇಲ್ ಹಕ್ಕಿ'.

ಮುಂದಿನ ಚೌಕಕ್ಕೆ ಸಿಂಪಿಗ ಎಂದುಕೊಂಡು ಅದನ್ನು ನೋಡಲು ಕಟ್ಟೆಯ ಮೇಲೆ ಕೂತೆ. ದಾಸವಾಳದ ಗಿಡದಲ್ಲಿ ಜೋಡಿ ಓಡಾಡುತ್ತಿತ್ತು. ಇದರ ಶಾಸ್ತ್ರೀಯ ಹೆಸರಿನ 'ಸುಟೋರಿಯಸ್' ಲ್ಯಾಟಿನ್ನಿನಲ್ಲಿ ಚಪ್ಪಲಿ ಹೊಲಿಯುವವನದು. ನಮ್ಮವರು ಸಿಂಪಿಗ ಎಂದು ಸರಿಯಾದ ಕಸುಬಿಗೆ ಹಚ್ಚಿದ್ದಾರೆ. ಕೊಕ್ಕಿನಿಂದ ಎಲೆಯಂಚಿಗೆ ತೂತು ಹಾಕಿ, ಜೇಡನ ಬಲೆಯನ್ನೋ ಹತ್ತಿಯ ಎಳೆಯನ್ನೋ ತೂರಿಸಿ ಎಲೆಯನ್ನು ಚೀಲವಾಗಿಸುತ್ತದೆ. ಗಂಟಿನ ಗೋಜಿಲ್ಲ, ಎಳೆಯ ತುದಿ ಹಿಂಜಿ ಉಬ್ಬಿ ತೂತಿನಲ್ಲೇ ಕಚ್ಚಿಕೊಳ್ಳುತ್ತದೆ. ಸೂಜಿಗೆ ನೂಲು ಪೋಣಿಸಲು ಮೊಮ್ಮಗಳನ್ನು ಕರೆಯುವ ನಾನು ಬಾಯಿಬಿಟ್ಟು ನೋಡಿದೆ. ಎಲೆಯ ಹೊಲಿಗೆಯಲ್ಲಿ ಒಂದೆಳೆ ಕೆಂಪು ಇತ್ತು. ನಿನ್ನೆ ಕಟ್ಟೆಯ ಮೇಲೆ ಮರೆತ ನನ್ನದೇ ನೂಲು!

ಒಳಗೋಡಿ ಅವ್ವನಿಗೆ ಹೇಳಿದೆ.

"ಹಂಗಾರ ಅದನ್ನ ಕರಿ," ಎಂದಳು. "ಉಳದ ಹದಿನೈದು ಚೌಕಾನೂ ಅದ ಹೊಲದು ಕೊಡ್ಲಿ."